ಗುರುವಾರ ಸತ್ತವನು, ಶುಕ್ರವಾರ ಬದುಕಿರುವವನು: 'ಡಲ್ಲಾಸ್' ಕನಸಿನ ಪ್ರಕರಣ

1985ರ ಮೇ 17, ಶುಕ್ರವಾರ ರಾತ್ರಿ 'ಡಲ್ಲಾಸ್' ಅನ್ನುವ ಟಿವಿ ಧಾರಾವಾಹಿಯಲ್ಲಿ ಬಾಬಿ ಯೂಯಿಂಗ್ ಸತ್ತ. ಆಸ್ಪತ್ರೆಯ ಮಂಚದ ಸುತ್ತ ಅಮ್ಮ, ಅಣ್ಣ, ಮಾಜಿ ಹೆಂಡತಿ ಪ್ಯಾಮ್ ಎಲ್ಲರೂ ನಿಂತು ಅಳುತ್ತಿದ್ದರು. 1986ರ ಮೇ 16, ಅದೂ ಶುಕ್ರವಾರ ರಾತ್ರಿ, ಅದೇ ಬಾಬಿ ಬಚ್ಚಲುಮನೆಯಲ್ಲಿ ಶವರ್ ಕೆಳಗೆ ನಿಂತು ಸೋಪು ಹಚ್ಚಿಕೊಳ್ಳುತ್ತಿದ್ದ. ಬಾಗಿಲು ತೆಗೆದ ಪ್ಯಾಮ್ ಕಡೆ ತಿರುಗಿ "ಗುಡ್ ಮಾರ್ನಿಂಗ್" ಅಂದ. ಸೀಸನ್ ಅಲ್ಲಿಗೆ ಮುಗಿಯಿತು. ಇದು ಹೇಗೆ ಸಾಧ್ಯ ಅಂತ ತಿಳಿಯಲು ನೋಡುಗರು ನಾಲ್ಕು ತಿಂಗಳು ಕಾಯಬೇಕಾಯಿತು. ಸೆಪ್ಟೆಂಬರ್ 26ಕ್ಕೆ ಉತ್ತರ ಬಂತು. ನಡುವೆ ಬಂದ 31 ಎಪಿಸೋಡ್, ಅಂದರೆ ಪೂರ್ತಿ ಒಂದು ವರ್ಷದ ಕಥೆ, ಪ್ಯಾಮ್ ಒಂದೇ ರಾತ್ರಿಯಲ್ಲಿ ಕಂಡ ಕನಸಂತೆ.

ಟಿವಿ ಧಾರಾವಾಹಿಗಳ ಕಥೆಯಲ್ಲಿ ತೂತು ಕಂಡಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. "ಬರೆಯೋರಿಗೆ ತಲೆ ಇಲ್ಲ" ಅನ್ನೋದು ಒಂದು. "ಅದು ಬೇಕಂತಲೇ ಮಾಡಿದ್ದು, ಸೀರಿಯಲ್ ಅಂದ್ರೆ ಹಾಗೇನೇ, ಲಾಜಿಕ್ ಕೇಳ್ಬಾರದು" ಅನ್ನೋದು ಇನ್ನೊಂದು. ಈ ಎರಡರಲ್ಲಿ ಯಾವುದು ಸರಿ ಅಂತ ನೋಡಲು 'ಡಲ್ಲಾಸ್'ಗಿಂತ ಒಳ್ಳೆಯ ಪ್ರಕರಣ ನನಗೆ ಸಿಕ್ಕಿಲ್ಲ. ಇಲ್ಲಿ ಯಾರು ಏನು ಮಾಡಿದರು, ಯಾಕೆ ಮಾಡಿದರು ಅನ್ನೋದು ಹೆಚ್ಚುಕಡಿಮೆ ಬಯಲಾಗಿದೆ. ಜೊತೆಗೆ ಇದೇ ತೂತನ್ನು ಎರಡು ಧಾರಾವಾಹಿಗಳು ಎರಡು ರೀತಿಯಲ್ಲಿ ನಿಭಾಯಿಸಿದವು.

ಮನೆ, ಮನೆಯವರು

ಗೊತ್ತಿಲ್ಲದವರಿಗೆ ಎರಡು ಮಾತು. 'ಡಲ್ಲಾಸ್' ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ 1978ರಿಂದ 1991ರವರೆಗೆ ಬಂತು. ವಾರಕ್ಕೊಂದು ಎಪಿಸೋಡ್, ಜಾಹೀರಾತೂ ಸೇರಿ ಒಂದು ಗಂಟೆ. ಟೆಕ್ಸಸ್‌ನ ಎಣ್ಣೆ ಕುಬೇರರ ಮನೆಯ ಕಥೆ. ಮನೆಯ ಹೆಸರು ಸೌತ್‌ಫೋರ್ಕ್. ಅಪ್ಪ ಜಾಕ್, ಅಮ್ಮ ಮಿಸ್ ಎಲೀ. ಮೂರು ಗಂಡುಮಕ್ಕಳು. ದೊಡ್ಡವನು ಜೆ.ಆರ್., ಮಹಾ ಕುತಂತ್ರಿ. ನಡುವಿನವನು ಗ್ಯಾರಿ, ಕುಡಿದು ಹಾಳಾಗಿ ಮನೆಬಿಟ್ಟು ಹೋದವನು. ಕಿರಿಯ ಬಾಬಿ, ಒಳ್ಳೆಯ ಹುಡುಗ. ಬಾಬಿ ಮದುವೆಯಾಗಿದ್ದು ಹಗೆತನದ ಮನೆಯ ಹುಡುಗಿ ಪ್ಯಾಮ್‌ಳನ್ನು. ನಮ್ಮ ಕೂಡು ಕುಟುಂಬದ ಸೀರಿಯಲ್ ನೋಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಅಣ್ಣ, ತಮ್ಮ, ಆಸ್ತಿ, ಒಂದೇ ಸೂರು. ಅತ್ತೆ ಮಾತ್ರ ಒಳ್ಳೆಯವಳು.

ಈ ಧಾರಾವಾಹಿ ಎಷ್ಟು ದೊಡ್ಡದು ಅಂದರೆ, ಜೆ.ಆರ್.ಗೆ ಗುಂಡು ಹೊಡೆದವರು ಯಾರು ಅಂತ ಗೊತ್ತಾದ 1980ರ ನವೆಂಬರ್ 21ರ ಎಪಿಸೋಡನ್ನು ಅಮೆರಿಕದಲ್ಲೇ ಸುಮಾರು 8.3 ಕೋಟಿ ಜನ ನೋಡಿದರು.

ಗ್ಯಾರಿ ಮತ್ತು ಅವನ ಹೆಂಡತಿ ವ್ಯಾಲ್‌ಗೆ ಬೇರೆಯದೇ ಧಾರಾವಾಹಿ ಇತ್ತು. ಹೆಸರು 'ನಾಟ್ಸ್ ಲ್ಯಾಂಡಿಂಗ್', 1979ರಿಂದ 1993ರವರೆಗೆ ನಡೆಯಿತು. ಎರಡನ್ನೂ ಹುಟ್ಟುಹಾಕಿದವರು ಡೇವಿಡ್ ಜೇಕಬ್ಸ್. ಗುರುವಾರ ರಾತ್ರಿ ಗ್ಯಾರಿಯ ಮನೆ, ಶುಕ್ರವಾರ ರಾತ್ರಿ ಅಣ್ಣತಮ್ಮಂದಿರ ಮನೆ. ಜೆ.ಆರ್., ಬಾಬಿ ಆಗಾಗ ಗುರುವಾರದ ಮನೆಗೂ ಬಂದು ಹೋಗುತ್ತಿದ್ದರು. ಈ ಸಂಬಂಧವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೋದ, ಬಂದ

ಬಾಬಿ ಸತ್ತಿದ್ದು ಕಥೆಗೆ ಬೇಕಾಗಿ ಅಲ್ಲ. ಪಾತ್ರ ಮಾಡುತ್ತಿದ್ದ ಪ್ಯಾಟ್ರಿಕ್ ಡಫಿಯ ಏಳು ವರ್ಷದ ಕರಾರು ಮುಗಿದಿತ್ತು. ಬೇರೆ ಏನಾದರೂ ಮಾಡೋಣ ಅಂತ ಅವರು ಹೊರಟರು. ಇದರಲ್ಲಿ ತಪ್ಪೇನಿಲ್ಲ. ಬರಹಗಾರರು ಅವರನ್ನು ಕಳಿಸಿಕೊಟ್ಟ ರೀತಿ ಕೂಡ ಚೆನ್ನಾಗಿತ್ತು. ಬಾಬಿ ಜೆನ್ನಾ ಅನ್ನುವವಳನ್ನು ಮದುವೆಯಾಗಬೇಕಿತ್ತು. ಕೊನೇ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿ ಪ್ಯಾಮ್ ಹತ್ತಿರ ಬರುತ್ತಾನೆ. ಮತ್ತೆ ಮದುವೆಯಾಗೋಣ ಅಂತ ಇಬ್ಬರೂ ತೀರ್ಮಾನಿಸುತ್ತಾರೆ. ಬೆಳಗ್ಗೆ ಪ್ಯಾಮ್‌ಳ ಮಲತಂಗಿ ಕ್ಯಾಥರೀನ್ ಅವಳ ಮೇಲೆ ಕಾರು ನುಗ್ಗಿಸುತ್ತಾಳೆ. ಬಾಬಿ ಪ್ಯಾಮ್‌ಳನ್ನು ಪಕ್ಕಕ್ಕೆ ತಳ್ಳಿ ತಾನು ಸಿಕ್ಕಿಹಾಕಿಕೊಳ್ಳುತ್ತಾನೆ. ಕ್ಯಾಥರೀನ್ ಕೂಡ ಅಲ್ಲೇ ಸಾಯುತ್ತಾಳೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸೀರಿಯಲ್‌ನಲ್ಲಿ ಸಾವು ಎರಡು ಬಗೆ. ನೀರಿಗೆ ಬಿದ್ದ, ಬೆಂಕಿ ಹತ್ತಿತು, ವಿಮಾನ ಬಿತ್ತು, ಹೆಣ ಸಿಗಲಿಲ್ಲ. ಇದು ಬಾಗಿಲು ತೆರೆದಿಟ್ಟ ಸಾವು. ಅನುಭವ ಇರುವ ನೋಡುಗರು ಇಂಥ ಸಾವಿಗೆ ಅಳುವುದೇ ಇಲ್ಲ, "ಬರ್ತಾನೆ ಬಿಡಿ" ಅನ್ನುತ್ತಾರೆ. ಬಾಬಿಯ ಸಾವು ಹಾಗಿರಲಿಲ್ಲ. ಮನೆಯವರೆಲ್ಲರ ಕಣ್ಣೆದುರಿಗೆ ಉಸಿರು ನಿಂತಿತು. ಮುಂದಿನ ಸೀಸನ್‌ನ ಶುರುವಿನಲ್ಲೇ ಮಣ್ಣೂ ಆಯಿತು. ಬರಹಗಾರರು ಬಾಗಿಲು ಹಾಕಿ ಬೀಗ ಜಡಿದಿದ್ದರು. ಅಂದರೆ ಈ ಹಂತದಲ್ಲಿ ಅವರು ಹುಡುಗಾಟ ಮಾಡಿರಲಿಲ್ಲ. ತೊಂದರೆ ಆಗಿದ್ದೂ ಅದರಿಂದಲೇ.

ಡಫಿ ಇಲ್ಲದ ವರ್ಷ 'ಡಲ್ಲಾಸ್' ಬದಲಾಯಿತು. ವರ್ಷಗಳಿಂದ ಕಥೆಯ ಚುಕ್ಕಾಣಿ ಹಿಡಿದಿದ್ದ ನಿರ್ಮಾಪಕ ಲೆನರ್ಡ್ ಕಾಟ್ಜ್‌ಮನ್ ಕೂಡ ಬಿಟ್ಟು ಹೋಗಿದ್ದರು. ಎಕ್ಸಿಕ್ಯುಟಿವ್ ಪ್ರೊಡ್ಯೂಸರ್ ಫಿಲಿಪ್ ಕೆಪೀಸ್ ಕೈಯಲ್ಲಿ ಅಧಿಕಾರ ಇತ್ತು. 'ನಾಟ್ಸ್ ಲ್ಯಾಂಡಿಂಗ್'ನಿಂದ ಪೀಟರ್ ಡನ್ ನಿರ್ಮಾಪಕರಾಗಿ ಬಂದರು. ಎದುರಿನ ಎಬಿಸಿ ಚಾನೆಲ್‌ನಲ್ಲಿ 'ಡೈನಾಸ್ಟಿ' ಥಳುಕು ಬಳುಕಿನಿಂದ ಮುಂದೆ ಓಡುತ್ತಿತ್ತು. 'ಡಲ್ಲಾಸ್' ಕೂಡ ಆ ಕಡೆ ವಾಲಿತು. ಏಂಜೆಲಿಕಾ ನೀರೋ ಅನ್ನುವ ಹಡಗು ಕಂಪನಿಯವಳು ಬಂದಳು, ಒಳಸಂಚು, ಬಾಂಬು ಎಲ್ಲ ಬಂದವು. 1984-85ರಲ್ಲಿ ರೇಟಿಂಗ್‌ನಲ್ಲಿ ಎರಡನೇ ಸ್ಥಾನದಲ್ಲಿದ್ದ ಧಾರಾವಾಹಿ 1985-86ರಲ್ಲಿ ಆರಕ್ಕೆ ಇಳಿಯಿತು.

ಜೆ.ಆರ್. ಪಾತ್ರದ ಲ್ಯಾರಿ ಹ್ಯಾಗ್‌ಮನ್‌ಗೆ ಇದು ಸರಿಬರಲಿಲ್ಲ. ಗೆಳೆಯ ಡಫಿಯನ್ನು ವಾಪಸ್ ಬಾ ಅಂತ ಒಪ್ಪಿಸಿದರು. ಕಾಟ್ಜ್‌ಮನ್ ಕೂಡ ವಾಪಸ್ ಬಂದರು, ಈ ಸಲ ಪೂರ್ತಿ ಅಧಿಕಾರದ ಜೊತೆ. ಕೆಪೀಸ್ ಹೊರಗೆ ಹೋದರು. ಈಗ ಉಳಿದಿದ್ದು ಒಂದೇ ಪ್ರಶ್ನೆ: ಮಣ್ಣು ಮಾಡಿದವನನ್ನು ಕರೆದುಕೊಂಡು ಬರೋದು ಹೇಗೆ?

ಅವಳಿ ತಮ್ಮ ಅನ್ನಬಹುದಿತ್ತು. ಮುಖ ಬದಲಾಯಿಸಿಕೊಂಡು ಬಂದ ಮೋಸಗಾರ ಅನ್ನಬಹುದಿತ್ತು. ಆದರೆ ಆಗ ಬರುವವನು ಬಾಬಿ ಆಗಿರುವುದಿಲ್ಲ. ಜನಕ್ಕೆ ಬೇಕಿದ್ದಿದ್ದು ಡಫಿಯ ಮುಖ ಅಲ್ಲ, ಬಾಬಿ. ನಮ್ಮಲ್ಲಿ 2000ರ ದಶಕದ ಶುರುವಿನಲ್ಲಿ 'ಕ್ಯೂಂಕಿ ಸಾಸ್ ಭಿ ಕಭಿ ಬಹೂ ಥಿ'ಯ ಮಿಹಿರ್ ಸತ್ತಾಗ ಜನ ಗಲಾಟೆ ಎಬ್ಬಿಸಿದ್ದು ನೆನಪಿರಬಹುದು. ಅವನು ನೆನಪು ಕಳೆದುಕೊಂಡು ವಾಪಸ್ ಬಂದ. ಅದು ಅಗ್ಗದ ಉಪಾಯ ಅಂತ ನಾವು ನಕ್ಕಿದ್ದೆವು. ಈಗ ಯೋಚಿಸಿದರೆ ಅದು ಎಷ್ಟೋ ವಾಸಿ. ಮಿಹಿರ್‌ನ ನೆನಪು ಹೋಯಿತು, ಮನೆಯವರದ್ದು ಹೋಗಲಿಲ್ಲ. ಅವರು ಪಟ್ಟ ದುಃಖ ಕಥೆಯಲ್ಲಿ ಹಾಗೇ ಉಳಿಯಿತು. ಬಾಬಿ ವಿಷಯದಲ್ಲಿ ಆಗಿದ್ದು ಉಲ್ಟಾ. ಬಾಬಿಗೆ ಎಲ್ಲ ನೆನಪಿದೆ. ಉಳಿದವರ ಒಂದು ವರ್ಷ ಪೂರ್ತಿ ಒರೆಸಿಹೋಯಿತು.

ಶವರ್ ದೃಶ್ಯ

ಆ ದೃಶ್ಯ ತೆಗೆದ ರೀತಿಯೇ ಒಂದು ಕಥೆ. ಗುಟ್ಟು ಹೊರಗೆ ಹೋಗಬಾರದಿತ್ತು. ಹಾಗಾಗಿ ಡಫಿಯನ್ನು ಬೇರೆ ಕಡೆ ಶವರ್ ಕೆಳಗೆ ನಿಲ್ಲಿಸಿ, ಐರಿಶ್ ಸ್ಪ್ರಿಂಗ್ ಸೋಪಿನ ಜಾಹೀರಾತು ಅನ್ನುವ ನೆಪದಲ್ಲಿ ಚಿತ್ರೀಕರಿಸಿದರು. ಪ್ಯಾಮ್ ಪಾತ್ರದ ವಿಕ್ಟೋರಿಯಾ ಪ್ರಿನ್ಸಿಪಲ್ ಬಾಗಿಲು ತೆಗೆದಾಗ ಒಳಗಿದ್ದವರು ಡಫಿ ಅಲ್ಲ, ಜಾನ್ ಬೆಕ್. ಅಂದರೆ ಪ್ಯಾಮ್‌ಳ ಹೊಸ ಗಂಡ ಮಾರ್ಕ್ ಪಾತ್ರದವರು. ಎರಡು ತುಂಡುಗಳನ್ನು ಎಡಿಟಿಂಗ್‌ನಲ್ಲಿ ಅಂಟಿಸಿದರು. ದೃಶ್ಯದಲ್ಲಿ ಆಡುವವಳಿಗೇ ತಾನು ಯಾರನ್ನು ನೋಡುತ್ತಿದ್ದೇನೆ ಅಂತ ಗೊತ್ತಿರಲಿಲ್ಲ.

ಇದನ್ನು ಯಾಕೆ ಇಷ್ಟು ವಿವರವಾಗಿ ಹೇಳುತ್ತಿದ್ದೇನೆ ಅಂದರೆ, ಅಸಡ್ಡೆ ಅನ್ನುವ ಆರೋಪ ಇಲ್ಲೇ ಬಿದ್ದುಹೋಗುತ್ತದೆ. ಅಸಡ್ಡೆ ಇರುವವರು ಸುಳ್ಳು ಜಾಹೀರಾತು ಹೂಡಲ್ಲ. ಕಥೆಯಲ್ಲಿ ದೊಡ್ಡ ತೂತು ಬೀಳುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕೊರೆದರು, ಅಳತೆ ತೆಗೆದು ಕೊರೆದರು. ಆ ತೂತಿನ ಸುತ್ತ ನಾಲ್ಕು ತಿಂಗಳ ಕುತೂಹಲವನ್ನೂ ಕಟ್ಟಿದರು.

ಹಾಗಂತ ಇದು ಶೈಲಿ ಆಯಿತಾ? ನನ್ನ ಪ್ರಕಾರ ಇಲ್ಲ. ಚರ್ಚೆ ಹಳ್ಳ ಹಿಡಿಯೋದು ಇಲ್ಲೇ. "ಬೇಕಂತಲೇ ಮಾಡಿದ್ದು" ಅಂತ ಸಾಬೀತಾದ ಕೂಡಲೇ "ಹಾಗಾದ್ರೆ ಅದು ಕಲೆ" ಅಂತ ಒಪ್ಪಿಕೊಂಡುಬಿಡುತ್ತೇವೆ. ಬೇಕಂತಲೇ ಮಾಡಿದ್ದು ಬರೀ ವ್ಯವಹಾರವೂ ಆಗಿರಬಹುದು ಅಲ್ವಾ? ಇಲ್ಲಿ ಆಗಿದ್ದು ಅದೇ. ಒಬ್ಬ ನಟನ ಕರಾರು, ಇಳಿಯುತ್ತಿದ್ದ ರೇಟಿಂಗ್, ಇಬ್ಬರು ನಿರ್ಮಾಪಕರ ನಡುವಿನ ಅಧಿಕಾರ. ಈ ಮೂರರ ಲೆಕ್ಕ ಸರಿ ಮಾಡಲು ಕಥೆಯ ಒಂದು ವರ್ಷವನ್ನು ಕೊಟ್ಟರು.

ಕನಸಿನೊಳಗೆ

ಕನಸು ಅಂದ ಕೂಡಲೇ ಎಲ್ಲ ತೂತೂ ಮುಚ್ಚಿಹೋಗುತ್ತೆ ಅನ್ನಿಸಬಹುದು. ಕನಸಿನಲ್ಲಿ ಏನು ಬೇಕಾದರೂ ಆಗಬಹುದಲ್ಲ. ಆದರೆ ಆ 31 ಎಪಿಸೋಡ್ ಬರೆದವರಿಗೆ ತಾವು ಕನಸು ಬರೆಯುತ್ತಿದ್ದೇವೆ ಅಂತ ಗೊತ್ತಿರಲಿಲ್ಲ. ಅವರು ನಿಜದ ಕಥೆ ಅಂದುಕೊಂಡೇ ಬರೆದರು. ಪ್ಯಾಮ್ ಇಲ್ಲದ ನೂರಾರು ದೃಶ್ಯಗಳಿವೆ. ಜೆ.ಆರ್. ಆಫೀಸಿನಲ್ಲಿ ಮುಚ್ಚಿದ ಬಾಗಿಲ ಹಿಂದೆ ಮಾತಾಡುವುದು, ಏಂಜೆಲಿಕಾಳ ಸಂಚು, ಯಾರ ಯಾರದ್ದೋ ಮಲಗುವ ಕೋಣೆಯ ಜಗಳ. ಇಷ್ಟನ್ನೂ ಅಕೌಂಟ್ಸ್ ಸಮೇತ ಒಂದೇ ರಾತ್ರಿಯಲ್ಲಿ ಕಂಡ ಪ್ಯಾಮ್ ಬೆಳಗ್ಗೆ ಎದ್ದು ಎಣ್ಣೆ ಕಂಪನಿ ನಡೆಸಬಹುದಿತ್ತು.

ಅಷ್ಟಕ್ಕೂ ಕನಸು ಶುರುವಾಗಿದ್ದು ಎಲ್ಲಿ? ಬಾಬಿ ಬದುಕಿರಬೇಕಾದರೆ ಕಾರಿನ ಅಪಘಾತ ಆಗಿರಬಾರದು. ಆದರೆ ಆ ಅಪಘಾತ ಇರೋದು ಹಿಂದಿನ ಸೀಸನ್‌ನ ಕೊನೇ ಎಪಿಸೋಡಿನಲ್ಲಿ. ಅಂದರೆ ಆ ಎಪಿಸೋಡಿನ ಅರ್ಧ ನಿಜ, ಅರ್ಧ ಕನಸು. ನಡುವೆ ಎಲ್ಲೂ ಗೆರೆ ಇಲ್ಲ. ಬಾಬಿ ಸತ್ತಿಲ್ಲ ಅಂದ ಮೇಲೆ ಅವನನ್ನು ಕೊಂದ ಕ್ಯಾಥರೀನ್ ಕೂಡ ಸತ್ತಿಲ್ಲ. ಎಲ್ಲೋ ಒಂದು ಕಡೆ ಕಾರು ಓಡಿಸಿಕೊಂಡಿದ್ದಾಳೆ!

ಮಾರ್ಕ್ ಕಥೆ ಇನ್ನೂ ಮಜವಾಗಿದೆ. ಅವನು ಕನಸಿಗೆ ಮೊದಲೇ, ನಿಜದ ಕಥೆಯಲ್ಲಿ, ವಿಮಾನ ಅಪಘಾತದಲ್ಲಿ ಸತ್ತಿದ್ದ ಅಂತ ಎಲ್ಲರೂ ನಂಬಿದ್ದರು. ಅದು ಬಾಗಿಲು ತೆರೆದಿಟ್ಟ ಸಾವು. ಕನಸಿನ ವರ್ಷದಲ್ಲಿ ವಾಪಸ್ ಬಂದ, ಪ್ಯಾಮ್‌ಳನ್ನು ಮದುವೆಯಾದ. ಮಾರನೇ ಬೆಳಗ್ಗೆ ಅವಳು ಎದ್ದಳು. ಬಾಬಿ ಬದುಕಿದ, ಮಾರ್ಕ್ ಮತ್ತೆ ಸತ್ತ. ಒಬ್ಬ ನಟ ವಾಪಸ್ ಬಂದಿದ್ದಕ್ಕೆ ಇನ್ನೊಬ್ಬ ನಟ ಎರಡನೇ ಸಲ ಸಾಯಬೇಕಾಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾಗುವ ಎಡವಟ್ಟು ಸ್ಟೀವ್ ಫಾರೆಸ್ಟ್ ಅನ್ನುವ ನಟನದ್ದು. ಕನಸಿನ ಸೀಸನ್ ಮುಗಿಯುವ ಹೊತ್ತಿಗೆ ಸೌತ್‌ಫೋರ್ಕ್‌ಗೆ ಬೆನ್ ಸ್ಟಿವರ್ಸ್ ಅನ್ನುವ ಹೊಸ ಕೆಲಸಗಾರ ಬರುತ್ತಾನೆ. ಹಾವಭಾವ ಎಲ್ಲ ತೀರಿಹೋದ ಅಪ್ಪ ಜಾಕ್‌ನ ಹಾಗೇ. ಮುಂದಿನ ವರ್ಷಕ್ಕೆ ಅಂತ ಹಾಕಿಟ್ಟ ಎಳೆ ಅದು. ಆಮೇಲೆ ಇಡೀ ಸೀಸನ್ ಕನಸಾಯಿತು. ಎಳೆ ಮಾತ್ರ ಬಿಡಲು ಮನಸ್ಸಾಗಲಿಲ್ಲ. ಮುಂದಿನ ಸೀಸನ್‌ನಲ್ಲಿ ಅದೇ ನಟ, ಅದೇ ಮುಖ, ವೆಸ್ ಪಾರ್ಮಲೀ ಅನ್ನುವ ಹೊಸ ಹೆಸರಿನಲ್ಲಿ ಬಂದು "ನಾನೇ ಜಾಕ್" ಅನ್ನುತ್ತಾನೆ. ಹಾಗಾದರೆ ತಾನು ಇನ್ನೂ ನೋಡಿರದ ಮನುಷ್ಯನ ಮುಖ ಪ್ಯಾಮ್‌ಗೆ ಕನಸಿನಲ್ಲಿ ಹೇಗೆ ಬಂತು? ಅದನ್ನು ಯಾರೂ ಕೇಳಲಿಲ್ಲ. ಪ್ಯಾಮ್ ಕೂಡ ಅವನನ್ನು ನೋಡಿ ಬೆಚ್ಚಲಿಲ್ಲ.

ಈ ಸಣ್ಣ ತೂತುಗಳನ್ನು ಯಾರೂ ಬೇಕಂತ ಮಾಡಿದ್ದಲ್ಲ. ಬರೆದವರ ಅಸಡ್ಡೆಯೂ ಅಲ್ಲ. ಬರೆದಾಗ ಎಲ್ಲ ಸರಿಯಾಗೇ ಇತ್ತು. ಆಮೇಲೆ ಮೇಲಿಂದ ಹಾಕಿದ ತೇಪೆ ಇವನ್ನೆಲ್ಲ ತೂತು ಮಾಡಿತು. ಆದರೆ ವೆಸ್ ಪಾರ್ಮಲೀ ವಿಷಯ ಬೇರೆ. ಹೊಸ ತಂಡಕ್ಕೆ ಎಲ್ಲ ಗೊತ್ತಿತ್ತು, ನಟನನ್ನು ಬದಲಾಯಿಸಲು ಸಮಯವೂ ಇತ್ತು. ಅಲ್ಲಿ ನಾನು ಅಸಡ್ಡೆ ಅಂತಲೇ ಹೇಳುತ್ತೇನೆ.

ಲಾಜಿಕ್ ಹಾಳಾಗಿದ್ದು ಅಷ್ಟು ದೊಡ್ಡ ನಷ್ಟ ಅಲ್ಲ ಅನ್ನಿಸುತ್ತದೆ. ನಿಜವಾಗಿ ಹೋಗಿದ್ದು ಬೇರೆ. ಆ ವರ್ಷ ಜೆ.ಆರ್.ನ ಹೆಂಡತಿ ಸೂ ಎಲೆನ್ ಕುಡಿತದಿಂದ ಬೀದಿಗೆ ಬಿದ್ದು, ಆಸ್ಪತ್ರೆಯಲ್ಲಿ ಒದ್ದಾಡಿ, ಮೆಲ್ಲಗೆ ಎದ್ದು ನಿಂತಿದ್ದಳು. ಲಿಂಡಾ ಗ್ರೇ ಅದನ್ನು ಮೈಮೇಲೆ ಎಳೆದುಕೊಂಡು ಮಾಡಿದ್ದರು. ರೇ ಮತ್ತು ಡೋನಾ ದಂಪತಿ ಹೊಟ್ಟೆಯಲ್ಲಿದ್ದ ಮಗುವನ್ನು ಕಳೆದುಕೊಂಡು, ಕಿವಿ ಕೇಳದ ಟೋನಿ ಅನ್ನುವ ಹುಡುಗನನ್ನು ಹಚ್ಚಿಕೊಂಡಿದ್ದರು. ಥಳುಕಿನ ಆ ಸೀಸನ್‌ನಲ್ಲಿ ಇವು ಎರಡು ಮಾತ್ರ ನಿಜವಾದ ಮನುಷ್ಯರ ಕಥೆ ಅನ್ನಿಸುತ್ತಿದ್ದವು. ಎರಡೂ ಹೋದವು. ಟೋನಿ ಹುಟ್ಟಿಯೇ ಇಲ್ಲವೇನೋ ಅನ್ನುವ ಹಾಗಾಯಿತು. ಜನ ಸಿಟ್ಟಾಗಿದ್ದು "ಇದು ಸಾಧ್ಯವಿಲ್ಲ" ಅಂತಲ್ಲ. "ನಾವು ಅತ್ತಿದ್ದು ದಂಡವಾ?" ಅಂತ. ಅಸಾಧ್ಯವಾದದ್ದನ್ನು ಸೀರಿಯಲ್ ನೋಡುಗ ಸುಲಭವಾಗಿ ಕ್ಷಮಿಸುತ್ತಾನೆ. ತನ್ನ ಅಳುವನ್ನು ವಾಪಸ್ ಕೊಟ್ಟುಬಿಟ್ಟರೆ ಕ್ಷಮಿಸೋದು ಕಷ್ಟ.

ಇದೇ ಧಾರಾವಾಹಿಯಲ್ಲಿ ಇದಕ್ಕೆ ಸಾಕ್ಷಿ ಇದೆ. ಮಿಸ್ ಎಲೀ ಪಾತ್ರದ ಬಾರ್ಬರಾ ಬೆಲ್ ಗೆಡೆಸ್ ಬಿಟ್ಟುಹೋದಾಗ 1984ರಲ್ಲಿ ಡೋನಾ ರೀಡ್ ಬಂದರು. ಒಂದು ವರ್ಷ ಆದಮೇಲೆ ಮೊದಲಿನವರೇ ವಾಪಸ್ ಬಂದರು. ಅಮ್ಮನ ಮುಖ ಎರಡು ಸಲ ಬದಲಾಯಿತು, ಮಕ್ಕಳು ಏನೂ ಆಗದ ಹಾಗೆ "ಮಾಮಾ" ಅಂದುಕೊಂಡಿದ್ದರು. (ಟೆಕ್ಸಸ್‌ನಲ್ಲಿ ಅಮ್ಮನನ್ನು ಹಾಗೇ ಕರೆಯೋದು, ಗಾಬರಿಯಾಗಬೇಡಿ.) ಜೆನ್ನಾ ಪಾತ್ರವನ್ನು ಬೇರೆ ಬೇರೆ ಸಮಯದಲ್ಲಿ ಮೂವರು ನಟಿಯರು ಮಾಡಿದರು. ಲಾಜಿಕ್ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ತೂತು ಬೇಕಾ? ಆದರೂ ಯಾರೂ ಟಿವಿ ಆರಿಸಲಿಲ್ಲ. ನಮ್ಮ ಸೀರಿಯಲ್‌ಗಳಲ್ಲೂ ನಿನ್ನೆಯ ಸೊಸೆ ಇವತ್ತು ಬೇರೆ ಮುಖದಲ್ಲಿ ಕಾಫಿ ತಂದಿಟ್ಟರೆ ಎರಡು ದಿನ ಗೊಣಗಿ ಒಪ್ಪಿಕೊಳ್ಳುತ್ತೇವೆ. ಅದು ನೋಡುಗರಿಗೂ ಸೀರಿಯಲ್‌ನವರಿಗೂ ಇರುವ ಹೊಂದಾಣಿಕೆ. ಮುಖ ಬದಲಾದರೂ ಪಾತ್ರದ ಹಿಂದಿನ ಬದುಕು ಹಾಗೇ ಇರುತ್ತಲ್ಲ.

ಗುರುವಾರದವರ ಪಾಡು

ಈಗ 'ನಾಟ್ಸ್ ಲ್ಯಾಂಡಿಂಗ್'ಗೆ ಬರೋಣ. ಈ ಪ್ರಕರಣದಲ್ಲಿ ನನಗೆ ಜಾಸ್ತಿ ಆಸಕ್ತಿ ಇರೋದು ಇಲ್ಲೇ.

ಬಾಬಿ ಸತ್ತಾಗ ಗುರುವಾರದ ಬರಹಗಾರರು ತಮ್ಮ ಕೆಲಸ ನೀಟಾಗಿ ಮಾಡಿದರು. ಗ್ಯಾರಿಯ ಒಡಹುಟ್ಟಿದ ತಮ್ಮ ಸತ್ತಿದ್ದಾನೆ, ಸುಮ್ನೆ ಇರೋಕೆ ಆಗುತ್ತಾ? ಗ್ಯಾರಿಗೆ ಸುದ್ದಿ ಬಂತು. ಅವನು ಕುಸಿದ. ಆ ನೋವು ಅವನ ಮುಂದಿನ ನಡೆಗಳಲ್ಲೂ ಕಂಡಿತು. ಬೇಜವಾಬ್ದಾರಿ ತಂಡ ಆಗಿದ್ದರೆ "ಅದು ಆ ಧಾರಾವಾಹಿ ವಿಷಯ, ನಮಗ್ಯಾಕೆ" ಅಂತ ಬಿಟ್ಟುಬಿಡುತ್ತಿತ್ತು.

ಒಂದು ವರ್ಷ ಕಳೆಯಿತು. ಶುಕ್ರವಾರದವರು ಅದೆಲ್ಲ ಕನಸು ಅಂದರು. ಗುರುವಾರದವರ ಮುಂದೆ ಎರಡೇ ದಾರಿ ಇತ್ತು. ತಾವೂ ಆ ವರ್ಷವನ್ನು ಒರೆಸಬೇಕು. ಅಂದರೆ ಟೆಕ್ಸಸ್‌ನಲ್ಲಿ ಮಲಗಿದ್ದ ಪ್ಯಾಮ್ ಕ್ಯಾಲಿಫೋರ್ನಿಯಾದ ನೆರೆಹೊರೆಯವರ ಸಂಸಾರವನ್ನೂ ಕನಸಲ್ಲಿ ಕಂಡಳು ಅನ್ನಬೇಕು. ಇಲ್ಲದಿದ್ದರೆ ಬಾಬಿ ಸತ್ತಿದ್ದಾನೆ ಅಂತಲೇ ಇರಬೇಕು.

ಅವರು ಒರೆಸಲಿಲ್ಲ. ತಮ್ಮ ಪಾತ್ರಗಳು ಬಾಳಿದ ಒಂದು ವರ್ಷವನ್ನು ಪಕ್ಕದ ಧಾರಾವಾಹಿಯ ಅನುಕೂಲಕ್ಕೆ ಬಿಟ್ಟುಕೊಡಲಿಲ್ಲ. ಅಲ್ಲಿಂದ ಮುಂದೆ ಒಂದೇ ಚಾನೆಲ್‌ನಲ್ಲಿ ಬಾಬಿ ಯೂಯಿಂಗ್ ಗುರುವಾರ ರಾತ್ರಿ ಸತ್ತಿದ್ದ, ಶುಕ್ರವಾರ ರಾತ್ರಿ ಬದುಕಿದ್ದ. ಅಣ್ಣತಮ್ಮಂದಿರು ಒಬ್ಬರ ಮನೆಗೆ ಒಬ್ಬರು ಬಂದು ಹೋಗೋದು ನಿಂತೇ ಹೋಯಿತು. ಜಗಳ ಇಲ್ಲ, ಆಸ್ತಿ ಪಾಲಿಲ್ಲ. ಬರಹಗಾರರ ಎರಡು ತಂಡ ಬೇರೆ ಬೇರೆ ಕಥೆಯನ್ನು ನಂಬಿದ್ದರಿಂದ ಒಂದು ಕುಟುಂಬ ಒಡೆಯಿತು.

ಕಾಗದದ ಮೇಲೆ ನೋಡಿದರೆ ಇದು ಇಡೀ ಪ್ರಕರಣದ ಅತಿ ದೊಡ್ಡ ತೂತು. ಶುಕ್ರವಾರದವರ ಹತ್ತಿರ ಕನಸು ಅನ್ನುವ ಉತ್ತರವಾದರೂ ಇತ್ತು. ಗುರುವಾರದವರ ಹತ್ತಿರ ಯಾವ ಉತ್ತರವೂ ಇಲ್ಲ. ಹೊಸಬರು ಎರಡನ್ನೂ ಒಟ್ಟಿಗೆ ನೋಡಿದರೆ 'ನಾಟ್ಸ್ ಲ್ಯಾಂಡಿಂಗ್' ಬರೆದವರಿಗೇ ತಲೆ ಇಲ್ಲ ಅಂದುಕೊಳ್ಳಬಹುದು. ಆದರೆ ಜೋಪಾನವಾಗಿ ಬರೆದಿದ್ದಕ್ಕೇ ಅವರಿಗೆ ಈ ಗತಿ ಬಂದಿದ್ದು. ತೂತು ಯಾರ ಮನೆಯಲ್ಲಿ ಕಾಣಿಸುತ್ತೋ ಅವರೇ ಕೊರೆದಿರಬೇಕು ಅಂತೇನಿಲ್ಲ.

ಸೀರಿಯಲ್ ವಿಮರ್ಶೆ ಮಾಡುವಾಗ ನಾವು ಇದನ್ನು ಮರೆಯುತ್ತೇವೆ. ವಾರಕ್ಕೆ ಐದಾರು ಎಪಿಸೋಡ್ ಬರುವ ನಮ್ಮ ಧಾರಾವಾಹಿಗಳಲ್ಲಂತೂ ಕಥೆ ಒಬ್ಬರದ್ದು, ಚಿತ್ರಕಥೆ ಇನ್ನೊಬ್ಬರದ್ದು, ಸಂಭಾಷಣೆ ಮತ್ತೊಬ್ಬರದ್ದು ಇರುತ್ತದೆ. ನಟಿ ಡೇಟ್ ಕೊಡಲಿಲ್ಲ, ಟಿಆರ್‌ಪಿ ಬಿತ್ತು, ಚಾನೆಲ್‌ನವರು ಟ್ರ್ಯಾಕ್ ಬದಲಾಯಿಸಿ ಅಂದರು. ಇಂಥ ಕಾರಣಕ್ಕೆ ಬಿದ್ದ ತೂತಿಗೆ ಬೈಗುಳ ಹೋಗೋದು ಟೈಟಲ್ ಕಾರ್ಡ್‌ನಲ್ಲಿ ಹೆಸರಿರುವ ಬರಹಗಾರರಿಗೆ. ಅವರು ಯಾವಾಗಲೂ ಅಮಾಯಕರು ಅಂತ ನಾನು ಹೇಳಲ್ಲ. ಸೋಮವಾರ ಬಲಗೈಗೆ ಕಟ್ಟಿದ ಬ್ಯಾಂಡೇಜ್ ಮಂಗಳವಾರ ಎಡಗೈಗೆ ಹೋದರೆ ಅದಕ್ಕೆ ಚಾನೆಲ್ ಕಾರಣ ಅಲ್ಲ, ಸೆಟ್ಟಿನಲ್ಲಿ ಕಂಟಿನ್ಯುಟಿ ನೋಡಬೇಕಾದವರು ನಿದ್ದೆ ಮಾಡುತ್ತಿದ್ದರು ಅಷ್ಟೇ.

ಹಾಗಾದರೆ ಶೈಲಿ ಅನ್ನೋದು ಯಾವುದು?

ಅದಕ್ಕೂ ಒಂದು ಉದಾಹರಣೆ ಅದೇ ಚಾನೆಲ್‌ನಲ್ಲಿ ಸಿಗುತ್ತದೆ. ಬಾಬ್ ನ್ಯೂಹಾರ್ಟ್ ಅನ್ನುವ ಹಾಸ್ಯನಟ 1970ರ ದಶಕದಲ್ಲಿ ಒಂದು ಕಾಮಿಡಿ ಧಾರಾವಾಹಿಯಲ್ಲಿ ಶಿಕಾಗೋದ ಮನಶ್ಶಾಸ್ತ್ರಜ್ಞನಾಗಿದ್ದರು. 1982ರಲ್ಲಿ ಬೇರೆಯದೇ ಧಾರಾವಾಹಿ 'ನ್ಯೂಹಾರ್ಟ್' ಶುರುವಾಯಿತು. ಅದರಲ್ಲಿ ವರ್ಮಾಂಟ್‌ನ ಒಂದು ಹಳ್ಳಿಯಲ್ಲಿ ಹೋಟೆಲ್ ಇಟ್ಟವರು, ಹೆಂಡತಿ ಬೇರೆ, ಊರೂ ಬೇರೆ. 1990ರ ಮೇ 21ರ ಕೊನೇ ಎಪಿಸೋಡಿನಲ್ಲಿ ಅವರ ತಲೆಗೆ ಗಾಲ್ಫ್ ಚೆಂಡು ಬಡಿಯುತ್ತದೆ. ಕಣ್ಣು ಬಿಟ್ಟರೆ ಹಳೇ ಧಾರಾವಾಹಿಯ ಮಲಗುವ ಕೋಣೆ, ಪಕ್ಕದಲ್ಲಿ ಹಳೇ ಧಾರಾವಾಹಿಯ ಹೆಂಡತಿ. ವಿಚಿತ್ರ ಕನಸು ಬಿತ್ತು ಕಣೇ ಅಂತ ಅವಳಿಗೆ ಹೇಳುತ್ತಾರೆ. ಎಂಟು ವರ್ಷದ ಇಡೀ ಧಾರಾವಾಹಿಯೇ ಕನಸು!

ಉಪಾಯ ಅದೇ. 'ಡಲ್ಲಾಸ್'ಗಿಂತ ಎಂಟು ಪಟ್ಟು ದೊಡ್ಡ ಒರೆಸುವಿಕೆ. ಆದರೂ ಜನ ಚಪ್ಪಾಳೆ ತಟ್ಟಿದರು, ಇವತ್ತಿಗೂ ಅತ್ಯುತ್ತಮ ಕೊನೆಗಳಲ್ಲಿ ಅದರ ಹೆಸರು ಬರುತ್ತದೆ. ಹಾಸ್ಯ ಅನ್ನುವ ರಿಯಾಯಿತಿ ಇತ್ತು, ನಿಜ. ಅದಕ್ಕಿಂತ ಮುಖ್ಯ, ಆ ಧಾರಾವಾಹಿಯ ಹಳ್ಳಿ ಮೊದಲಿನಿಂದಲೂ ಕನಸಿನ ಹಾಗೇ ಇತ್ತು. ಅಲ್ಲಿನ ಜನರೆಲ್ಲ ಅರೆಹುಚ್ಚರು, ಸರಿ ಇದ್ದವನು ಹೀರೋ ಒಬ್ಬನೇ. ಕನಸು ಅಂದ ಕೂಡಲೇ ಹಿಂದಿನ ಎಂಟು ವರ್ಷಕ್ಕೆ ಹೊಸ ಅರ್ಥ ಬಂತು. ಏನೂ ಕಳೆದುಹೋಗಲಿಲ್ಲ. ಜೊತೆಗೆ ಹಳೇ ಧಾರಾವಾಹಿ ನೋಡಿದವರಿಗೆ ಅವರ ನೆನಪನ್ನೇ ಉಡುಗೊರೆಯಾಗಿ ಕೊಟ್ಟ ಹಾಗಾಯಿತು.

'ಡಲ್ಲಾಸ್' ಕನಸು ಶೈಲಿ ಆಗಬೇಕಿದ್ದರೆ ಎಚ್ಚರವಾದ ಮೇಲೆ ಅದಕ್ಕೆ ಏನಾದರೂ ಕೆಲಸ ಇರಬೇಕಿತ್ತು. ಗಂಡ ಸತ್ತ ಒಂದು ವರ್ಷವನ್ನು ಮನಸ್ಸಿನಲ್ಲಿ ಬಾಳಿದ ಹೆಂಗಸು ಮೊದಲಿನ ಹಾಗೆ ಇರುತ್ತಾಳಾ? ಕ್ಯಾಥರೀನ್ ಕಂಡರೆ ಅವಳಿಗೆ ಹೆದರಿಕೆ ಆಗಬೇಡವಾ? ಬಾಬಿ ಕಾರು ಹತ್ತುವಾಗೆಲ್ಲ ಎದೆ ಹೊಡೆದುಕೊಳ್ಳಬೇಡವಾ? ಇದರಲ್ಲಿ ಒಂದು ಒಳ್ಳೆಯ ಸೀಸನ್ ಆಗುವಷ್ಟು ಸರಕಿತ್ತು. ಪ್ಯಾಮ್ ಬಾಬಿಗೆ ಕನಸು ಹೇಳುತ್ತಾಳೆ, ಅವನು ತಬ್ಬಿಕೊಂಡು ಸಮಾಧಾನ ಮಾಡುತ್ತಾನೆ. ಅಲ್ಲಿಗೆ ಮುಗಿಯಿತು. ಮುಂದಿನ ಕೆಲಸ ನೋಡಿ. ತೂತನ್ನು ಅಷ್ಟು ಜಾಣತನದಿಂದ ಕೊರೆದವರು ಅದರೊಳಗೆ ಇಣುಕಿಯೂ ನೋಡಲಿಲ್ಲ. ಕೊರೆಯುವಾಗ ಅಸಡ್ಡೆ ಇರಲಿಲ್ಲ, ಕೊರೆದ ಮೇಲೆ ಇತ್ತು. ಇದು ನನ್ನ ದೂರು.

ಆಮೇಲೆ

ಲೆಕ್ಕ ಫಲಿಸಿತಾ? ಪೂರ್ತಿ ಇಲ್ಲ. ಬಾಬಿ ಬಂದ ಮೇಲೂ 1986-87ರಲ್ಲಿ 'ಡಲ್ಲಾಸ್' ರೇಟಿಂಗ್‌ನಲ್ಲಿ ಹನ್ನೊಂದನೇ ಸ್ಥಾನಕ್ಕೆ ಇಳಿಯಿತು. ಕನಸಿನಿಂದಲೇ ಇಳಿಯಿತು ಅನ್ನೋದೂ ತಪ್ಪು. ಅಷ್ಟರಲ್ಲಿ ಇಂಥ ರಾತ್ರಿ ಧಾರಾವಾಹಿಗಳ ಕಾಲವೇ ಇಳಿಮುಖವಾಗಿತ್ತು, 'ಡೈನಾಸ್ಟಿ' ಇನ್ನೂ ಜೋರಾಗಿ ಬಿತ್ತು. ಆದರೂ 'ಡಲ್ಲಾಸ್' ಇನ್ನೈದು ವರ್ಷ ನಡೆಯಿತು. ಡಫಿ ಕೊನೇವರೆಗೂ ಇದ್ದರು. ವ್ಯವಹಾರ ಅಂತ ನೋಡಿದರೆ ಕಾಟ್ಜ್‌ಮನ್ ಸೋಲಲಿಲ್ಲ.

1991ರ ಮೇ 3ರ ಕೊನೇ ಎಪಿಸೋಡಿನಲ್ಲಿ ಗ್ಯಾರಿ ಮತ್ತು ವ್ಯಾಲ್ ಶುಕ್ರವಾರದ ಮನೆಗೆ ಮತ್ತೆ ಬಂದರು. ಆದರೆ ಅದು ಜೆ.ಆರ್. ಹುಟ್ಟಿರದಿದ್ದರೆ ಜಗತ್ತು ಹೇಗಿರುತ್ತಿತ್ತು ಅಂತ ತೋರಿಸುವ ಕಲ್ಪನೆಯ ಎಪಿಸೋಡ್. ನಿಜವಲ್ಲದ ಜಗತ್ತಿನಲ್ಲಿ ಮಾತ್ರ ಎರಡು ಕಥೆಗಳು ಸೇರಲು ಸಾಧ್ಯವಿತ್ತು. ಅಷ್ಟು ಎಚ್ಚರ ಅವರಿಗಿತ್ತು.

2012ರಲ್ಲಿ 'ಡಲ್ಲಾಸ್' ಹೊಸದಾಗಿ ಶುರುವಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಹ್ಯಾಗ್‌ಮನ್ ತೀರಿಕೊಂಡರು. ಈ ಸಲ ಕನಸಿನ ಮಾತೇ ಇರಲಿಲ್ಲ, ಜೆ.ಆರ್. ಕೂಡ ಸಾಯಲೇಬೇಕಾಯಿತು. 2013ರ ಮಾರ್ಚ್‌ನಲ್ಲಿ ಅಣ್ಣನ ಮಣ್ಣಿಗೆ ಗ್ಯಾರಿ ಬಂದ. 1985ರಲ್ಲಿ ಯಾರ ಸಾವಿಗೆ ಕುಸಿದಿದ್ದನೋ ಆ ತಮ್ಮ ಬಾಬಿ ಅಲ್ಲೇ ಇದ್ದ, ತಲೆ ನೆರೆತಿತ್ತು. ಹಳೆಯದನ್ನು ಯಾರೂ ಎತ್ತಲಿಲ್ಲ. ಆ ಎಪಿಸೋಡ್ ನಾನು ಬರೆದಿದ್ದರೂ ಎತ್ತುತ್ತಿರಲಿಲ್ಲ. ಆದರೆ ಗ್ಯಾರಿಗೆ ಬಾಬಿಯ ಜೊತೆ ಒಂದೆರಡು ನಿಮಿಷ ಜಾಸ್ತಿ ಕೊಡುತ್ತಿದ್ದೆ.